ತನಿಖೆ ಒಂದು, ವರದಿ ಎರಡು

ಪ್ಯಾಟ್ ಫಿಟ್ಜ್‌ಜೆರಾಲ್ಡ್ ಎಂಬ ಅಮೆರಿಕನ್ ಫುಟ್‌ಬಾಲ್ ಕೋಚ್‌ನ ಸುದ್ದಿಯನ್ನು ಆಗಾಗ ಬಿಡಿಬಿಡಿಯಾಗಿ ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. 2023ರ ಜುಲೈನಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ತಂಡದಲ್ಲಿ ಹೇಜಿಂಗ್, ಅಂದರೆ ನಾವು ರ‍್ಯಾಗಿಂಗ್ ಅನ್ನುವಂಥದ್ದು, ನಡೆದಿತ್ತು ಎಂಬುದು ಕಾರಣ. ಅವರು 13 ಕೋಟಿ ಡಾಲರ್ ಕೇಳಿ ಕೇಸು ಹಾಕಿದರು. 2025ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಎಷ್ಟು ದುಡ್ಡಿಗೆ ಅಂತ ಹೇಳಲಿಲ್ಲ. ಆದರೆ ವಿಶ್ವವಿದ್ಯಾಲಯ ಒಂದು ಹೇಳಿಕೆ ಕೊಟ್ಟಿತು. ಯಾವುದೇ ಆಟಗಾರ ಈ ಬಗ್ಗೆ ಕೋಚ್‌ಗೆ ದೂರು ಕೊಟ್ಟಿದ್ದು, ಕೋಚ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಸಾಕ್ಷ್ಯದಲ್ಲಿ ಸಾಬೀತಾಗಿಲ್ಲ ಎಂಬುದು ಅದರ ಸಾರ. ತಂಡದಲ್ಲಿ ನಡೆಯಬಾರದ್ದು ನಡೆದಿತ್ತು ಎಂದೂ ಅದೇ ಹೇಳಿಕೆ ಹೇಳುತ್ತದೆ. ಆ ವರ್ಷ ಮುಗಿಯುವ ಮೊದಲೇ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ಕೋಚ್ ಆಗಿ ಕರೆದುಕೊಂಡಿತು.

ಹಾಗಾದರೆ ತಪ್ಪು ಯಾರದು? ಕೋರ್ಟು ಹೇಳಲಿಲ್ಲ, ಯಾಕೆಂದರೆ ವಿಚಾರಣೆಯ ದಿನ ಬರುವ ಮೊದಲೇ ರಾಜಿಯಾಗಿತ್ತು. ಅಮೆರಿಕದ ಕಾಲೇಜು ಕ್ರೀಡಾ ಹಗರಣಗಳು ಹೆಚ್ಚಾಗಿ ಹೀಗೇ ಮುಗಿಯುತ್ತವೆ. ಒಬ್ಬರಿಗೆ ಕೋಟಿಗಟ್ಟಲೆ ದಂಡ, ಇನ್ನೊಬ್ಬರಿಗೆ ಚಿಲ್ಲರೆ ಕಾಸು. ಇದಕ್ಕೆ ತಲೆಬುಡ ಇಲ್ಲ ಅನ್ನಿಸುತ್ತದೆ. ಇದೆ. ಅದನ್ನು ಹಿಡಿಯಬೇಕಾದರೆ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಏನಾಯ್ತು ಅಂತ ಬರೆದಿಟ್ಟ ಕಾಗದ ಯಾರ ಕೈಲಿದೆ, ಅದನ್ನು ಯಾರಿಗಾಗಿ ಬರೆದರು?

ಇಷ್ಟು ದೊಡ್ಡ ಆಟವಾ ಇದು?

ನಮ್ಮಲ್ಲಿ ಕಾಲೇಜು ಕ್ರೀಡೆ ಅಂದರೆ ಒಂದು ಅಂತರ ಕಾಲೇಜು ಟೂರ್ನಿ, ಗೆದ್ದರೆ ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಒಂದು ಕಪ್. ಅಲ್ಲಿ ಲೆಕ್ಕವೇ ಬೇರೆ. ಆನ್ ಆರ್ಬರ್ ಊರಿನ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ. 2022ರಲ್ಲಿ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟ 7 ವರ್ಷದ ಟಿವಿ ಪ್ರಸಾರವನ್ನು 700 ಕೋಟಿ ಡಾಲರಿಗೂ ಜಾಸ್ತಿ ಬೆಲೆಗೆ ಮಾರಿತು. ಮುಂದೆ ಬರುವ ಹೆಸರುಗಳಲ್ಲಿ ಹೆಚ್ಚಿನವು ಇದೇ ಒಕ್ಕೂಟದವು. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ಮೊದಲ ಸ್ಥಾನ ಗವರ್ನರ್‌ಗಲ್ಲ, ಕೋಚ್‌ಗೆ.

ಕೋಚ್‌ನ ಒಪ್ಪಂದದಲ್ಲಿ ಒಂದು ಸಣ್ಣ ಷರತ್ತು ಇರುತ್ತದೆ. ತಪ್ಪಿನ ಕಾರಣ ಕೊಟ್ಟು ತೆಗೆದರೆ ಬಾಕಿ ಸಂಬಳ ಕೊಡಬೇಕಿಲ್ಲ. ಸುಮ್ನೆ ಸೋತರು ಅಂತ ತೆಗೆದರೆ ಬಾಕಿಯನ್ನು ಕೊಡಬೇಕು. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚನ್ನು ತಂಡ ಚೆನ್ನಾಗಿ ಆಡುತ್ತಿಲ್ಲ ಅಂತ ತೆಗೆದು 7.5 ಕೋಟಿ ಡಾಲರಿಗೂ ಜಾಸ್ತಿ ಕೊಡಲು ಒಪ್ಪಬೇಕಾಯಿತು. ಅದಕ್ಕೆ ಎರಡು ತಿಂಗಳ ಹಿಂದೆ ಮಿಷಿಗನ್ ಸ್ಟೇಟ್ ತನ್ನ ಕೋಚ್ ಮೆಲ್ ಟಕರ್ ಅವರನ್ನು ಲೈಂಗಿಕ ಕಿರುಕುಳದ ದೂರಿನ ಮೇಲೆ ಕಾರಣ ಕೊಟ್ಟು ತೆಗೆದಿತ್ತು. ಒಪ್ಪಂದದಲ್ಲಿ ಸುಮಾರು 8 ಕೋಟಿ ಡಾಲರ್ ಬಾಕಿ ಇತ್ತು. ಕೊಡಲಿಲ್ಲ. ಟಕರ್ ಆರೋಪವನ್ನು ಅಲ್ಲಗಳೆದು ಕೇಸು ಹಾಕಿದರು. ಕೋಚ್‌ನನ್ನು ತೆಗೆಯುವ ಪತ್ರದ ಒಂದೊಂದು ವಾಕ್ಯವನ್ನೂ ವಕೀಲರು ಅಕ್ಕಿ ಆರಿಸಿದ ಹಾಗೆ ಆರಿಸುವುದು ಇದಕ್ಕೇ.

ಮೂರು ದಿನ, ಎರಡು ಶಿಕ್ಷೆ

ನಾರ್ತ್‌ವೆಸ್ಟರ್ನ್ ಎಡವಿದ್ದು ಇಲ್ಲೇ. ಒಬ್ಬ ಹೊರಗಿನ ವಕೀಲೆಯಿಂದ ತಿಂಗಳುಗಟ್ಟಲೆ ತನಿಖೆ ಮಾಡಿಸಿತು. 2023ರ ಜುಲೈ 7, ಶುಕ್ರವಾರ, ತೀರ್ಮಾನ ಪ್ರಕಟಿಸಿತು. ರ‍್ಯಾಗಿಂಗ್ ನಡೆದದ್ದಕ್ಕೆ ಆಧಾರ ಇದೆ, ಆದರೆ ಕೋಚ್‌ಗಳಿಗೆ ಗೊತ್ತಿತ್ತು ಅನ್ನಲು ಸಾಕಷ್ಟು ಪುರಾವೆ ಇಲ್ಲ. ಶಿಕ್ಷೆ: ಎರಡು ವಾರ ಸಂಬಳವಿಲ್ಲದ ಅಮಾನತು. ಹೊರಗೆ ಬಿಟ್ಟದ್ದು ವರದಿಯ ಸಾರಾಂಶ ಮಾತ್ರ.

ಮರುದಿನ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ, ಡೈಲಿ ನಾರ್ತ್‌ವೆಸ್ಟರ್ನ್, ಮಾಜಿ ಆಟಗಾರನೊಬ್ಬನ ಮಾತನ್ನು ವಿವರವಾಗಿ ಅಚ್ಚು ಮಾಡಿತು. ಸಾರಾಂಶದಲ್ಲಿ ಇಲ್ಲದ್ದೆಲ್ಲ ಅದರಲ್ಲಿತ್ತು. ಅದೇ ರಾತ್ರಿ ವಿಶ್ವವಿದ್ಯಾಲಯದ ಅಧ್ಯಕ್ಷರು ತಮ್ಮ ತೀರ್ಮಾನ ತಪ್ಪಿರಬಹುದು ಎಂದು ಪತ್ರ ಬರೆದರು. ಸೋಮವಾರ ಕೋಚ್ ಮನೆಗೆ.

ಜನರ ಕಣ್ಣಿಗೆ ಇದು ತಪ್ಪು ತಿದ್ದಿಕೊಂಡ ಹಾಗೆ. ಕಾನೂನಿನ ಕಣ್ಣಿಗೆ ಒಂದೇ ತಪ್ಪಿಗೆ ಎರಡು ಶಿಕ್ಷೆ. ತನಿಖೆ ಅದೇ, ವರದಿಯೂ ಅದೇ, ಶುಕ್ರವಾರದಿಂದ ಸೋಮವಾರಕ್ಕೆ ಬದಲಾದದ್ದು ಪತ್ರಿಕೆಯ ತಲೆಬರಹ ಮಾತ್ರ ಅಂತ ಕೋಚ್‌ನ ಕಡೆಯವರು ವಾದಿಸಿದರು. ಎರಡು ವಾರದ ಅಮಾನತಿನಲ್ಲೇ ಎಲ್ಲ ಮುಗಿಯುತ್ತದೆ ಅಂತ ಬಾಯಿಮಾತಿನ ಒಪ್ಪಂದ ಆಗಿತ್ತು ಎಂದೂ ಹೇಳಿದರು. ಹೆಸರು ಉಳಿಸಿಕೊಳ್ಳಲು ಮಾಡಿದ ಅವಸರವೇ ಕೋರ್ಟಿನಲ್ಲಿ ಎದುರಾಳಿಯ ಅಸ್ತ್ರವಾಯಿತು.

ಪತ್ರಿಕೆ ಬರೆದಿರದಿದ್ದರೆ? ಎರಡು ವಾರ ಕಳೆದು ಕೋಚ್ ವಾಪಸ್ ಬರುತ್ತಿದ್ದರು, ಅಷ್ಟೆ. ದೂರು ಕೊಟ್ಟ ಹುಡುಗರ ಪಾಲಿಗೆ ನ್ಯಾಯ ಅನ್ನುವುದು ಪತ್ರಿಕೆ ನಡೆಸುತ್ತಿದ್ದ ನಾಲ್ಕು ವಿದ್ಯಾರ್ಥಿಗಳ ಮೇಲೆ ನಿಂತಿತ್ತು ಅಂದ ಹಾಗಾಯ್ತು ಅಲ್ವಾ?

ಕ್ಷಮೆ ಕೇಳಲು ಯಾಕಿಷ್ಟು ಕಷ್ಟ?

ಹಗರಣ ಹೊರಬಿದ್ದ ದಿನ ಅಧ್ಯಕ್ಷರ ಮೇಜಿನ ಸುತ್ತ ಇಬ್ಬರು ಸಲಹೆಗಾರರು ಇರುತ್ತಾರೆ. ಹೆಸರು ಕಾಯುವವರು ‘ಬೇಗ ಮಾತಾಡಿ, ಕ್ಷಮೆ ಕೇಳಿ’ ಅನ್ನುತ್ತಾರೆ. ವಕೀಲರು ‘ಒಂದು ಮಾತೂ ಆಡಬೇಡಿ’ ಅನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡುತ್ತಿದ್ದಾರೆ.

ಮೂರನೆಯವರೊಬ್ಬರು ಕಣ್ಣಿಗೆ ಬೀಳುವುದಿಲ್ಲ. ಅದು ವಿಮಾ ಕಂಪನಿ. ನಿಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ಅಪಘಾತವಾದರೆ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅಂತ ಮಾತು ಕೊಡಬಾರದು ಎಂಬ ಷರತ್ತು ಅದರಲ್ಲಿರುತ್ತದೆ. ವಿಶ್ವವಿದ್ಯಾಲಯಗಳ ಪಾಲಿಸಿಗಳಲ್ಲೂ ಇಂಥವು ಇರುತ್ತವೆ. ಬಾಯಿಬಿಟ್ಟು ‘ನಮ್ಮದೇ ತಪ್ಪು’ ಅಂದರೆ ಕಂಪನಿ ಕೈ ಎತ್ತಲು ನೆಪ ಸಿಕ್ಕಿತು. ಪೆನ್ ಸ್ಟೇಟ್, ಮಿಷಿಗನ್ ಸ್ಟೇಟ್ ಎರಡೂ ವಿಶ್ವವಿದ್ಯಾಲಯಗಳು, ಮುಂದೆ ಹೇಳುವ ಹಗರಣಗಳ ಪರಿಹಾರದ ವಿಚಾರದಲ್ಲಿ, ತಮ್ಮ ವಿಮಾ ಕಂಪನಿಗಳ ಜೊತೆ ಕೋರ್ಟಿನಲ್ಲಿ ಜಗಳವಾಡಿವೆ.

ಆದ್ದರಿಂದಲೇ ತನಿಖೆಯನ್ನೂ ಹೆಚ್ಚಾಗಿ ವಕೀಲರ ಸಂಸ್ಥೆಗೇ ವಹಿಸುತ್ತಾರೆ. ವಕೀಲರು ಕಕ್ಷಿದಾರರಿಗೆ ಹೇಳಿದ್ದನ್ನು ಹೊರಗೆ ಕೊಡಬೇಕಿಲ್ಲ ಎಂಬ ನಿಯಮ ಇದೆ. ತನಿಖೆಯೂ ಆಯಿತು, ಕಾಗದವೂ ಬೀರುವಿನಲ್ಲಿ ಭದ್ರ.

ಮಿಷಿಗನ್ ಸ್ಟೇಟ್‌ನ ಎರಡು ಪ್ರತಿ

ಹೀಗೆ ಕಾಗದವನ್ನು ಬೀರುವಿನಲ್ಲಿಡುವುದು ಎಷ್ಟು ಭೀಕರವಾಗಬಹುದು ಎನ್ನುವುದಕ್ಕೆ ಲ್ಯಾರಿ ನಾಸರ್ ಪ್ರಕರಣ ಇದೆ. ನಾಸರ್ ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ, ಮಿಷಿಗನ್ ಸ್ಟೇಟ್‌ನ ನೌಕರ. 2014ರಲ್ಲಿ ಅಲ್ಲೇ ಓದಿ ಮುಗಿಸಿದ ಯುವತಿಯೊಬ್ಬಳು, ಚಿಕಿತ್ಸೆಯ ಹೆಸರಲ್ಲಿ ಈತ ನನ್ನ ಮೈ ಮುಟ್ಟಿದ ರೀತಿ ಸರಿ ಇಲ್ಲ ಎಂದು ದೂರು ಕೊಟ್ಟಳು. ವಿಶ್ವವಿದ್ಯಾಲಯ ತಜ್ಞರ ಅಭಿಪ್ರಾಯ ಕೇಳಿತು. ಎಲ್ಲರೂ ಅದೇ ವಿಶ್ವವಿದ್ಯಾಲಯದ ನಂಟಿನವರು, ನಾಸರ್‌ನ ಪರಿಚಯದವರು. ಇದು ವೈದ್ಯಕೀಯ ಕ್ರಮವೇ ಎಂದರು. ಪ್ರಕರಣ ಮುಚ್ಚಿತು.

ವರದಿಗೆ ಎರಡು ರೂಪ ಇದ್ದವು. ಯುವತಿಯ ಕೈಗೆ ಕೊಟ್ಟದ್ದರಲ್ಲಿ ನಿಯಮ ಮುರಿದಿಲ್ಲ ಅಂತ ಇತ್ತು. ಒಳಗೆ ಇಟ್ಟುಕೊಂಡ ಪ್ರತಿಯಲ್ಲಿ ಇನ್ನೊಂದು ಮಾತೂ ಇತ್ತು: ಈ ಪದ್ಧತಿ ಹೀಗೇ ಮುಂದುವರಿದರೆ ಸಂಸ್ಥೆಗೆ ಕಾನೂನಿನ ತೊಂದರೆ ಬರಬಹುದು, ರೋಗಿಗಳಿಗೂ ಅನಗತ್ಯ ಆಘಾತವಾಗುತ್ತದೆ. ಅಪಾಯ ಇದೆ ಅಂತ ಸಂಸ್ಥೆ ತನಗೆ ತಾನೇ ಬರೆದುಕೊಂಡಿತು. ಅಪಾಯಕ್ಕೆ ಸಿಕ್ಕವಳಿಗೆ ಹೇಳಲಿಲ್ಲ. ಕೋಣೆಯಲ್ಲಿ ಇನ್ನೊಬ್ಬರು ಇರಬೇಕು, ಕೈಗವಸು ಹಾಕಬೇಕು ಎಂಬಂಥ ಷರತ್ತು ಹಾಕಿದರು. ಅದನ್ನು ಪಾಲಿಸುತ್ತಾನಾ ಅಂತ ಯಾರೂ ನೋಡಲಿಲ್ಲ. ನಾಸರ್ ಇನ್ನೂ ಎರಡು ವರ್ಷ ಕೆಲಸದಲ್ಲೇ ಇದ್ದ. 2016ರ ಸೆಪ್ಟೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಸ್ಟಾರ್ ಪತ್ರಿಕೆ ಬರೆದ ಮೇಲೆ ಮನೆಗೆ ಹೋದ.

2018ರ ಜನವರಿಯಲ್ಲಿ ಎರಡು ಕಡೆ ಎರಡು ನಾಟಕ ನಡೆಯಿತು. ಒಂದು ಕೋರ್ಟಿನಲ್ಲಿ ವಿಶ್ವವಿದ್ಯಾಲಯದ ವಕೀಲರು, ನಾವು ರಾಜ್ಯದ ಸಂಸ್ಥೆ, ನಮ್ಮ ಮೇಲೆ ಈ ಕೇಸು ನಡೆಯುವಂತಿಲ್ಲ, ವಜಾ ಮಾಡಿ ಎಂದರು. ಇನ್ನೊಂದು ಕೋರ್ಟಿನಲ್ಲಿ ನಾಸರ್‌ಗೆ ಶಿಕ್ಷೆ ವಿಧಿಸುವ ಮುನ್ನ 7 ದಿನ, 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಎದ್ದು ನಿಂತು ತಮ್ಮ ಮೇಲಾದದ್ದನ್ನು ಹೇಳಿದರು. ಟಿವಿಯಲ್ಲಿ ಇಡೀ ದೇಶ ನೋಡಿತು. ಆತನಿಗೆ 40ರಿಂದ 175 ವರ್ಷ ಶಿಕ್ಷೆಯಾದ ದಿನವೇ ವಿಶ್ವವಿದ್ಯಾಲಯದ ಅಧ್ಯಕ್ಷೆ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ 50 ಕೋಟಿ ಡಾಲರಿಗೆ ರಾಜಿ. ಅದರಲ್ಲಿ 42.5 ಕೋಟಿ ಆಗಲೇ ಮುಂದೆ ಬಂದಿದ್ದ 332 ಮಂದಿಗೆ, ಉಳಿದದ್ದು ಮುಂದೆ ಬರಬಹುದಾದವರಿಗೆ.

ಆದರೂ ಕಾಗದದ ಹಟ ಬಿಡಲಿಲ್ಲ. 6 ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು ವಕೀಲರ ಗೋಪ್ಯತೆ ಅಂತ ರಾಜ್ಯದ ಅಟಾರ್ನಿ ಜನರಲ್‌ಗೂ ಕೊಡಲಿಲ್ಲ. ಕೊಡಲು ಆಡಳಿತ ಮಂಡಳಿ ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ. ಓದಿ ಮುಗಿಸಿದ ಅಟಾರ್ನಿ ಜನರಲ್ 2024ರಲ್ಲಿ ಹೇಳಿದ್ದು ಏನು ಗೊತ್ತಾ? ವಿಶ್ವವಿದ್ಯಾಲಯಕ್ಕೆ ಏನು ಗೊತ್ತಿತ್ತು ಎಂಬುದರ ಮೇಲೆ ಹೊಸ ಬೆಳಕು ಚೆಲ್ಲುವಂಥದ್ದು ಅದರಲ್ಲಿ ಇರಲಿಲ್ಲ. ಇಷ್ಟಕ್ಕೆ ಐದಾರು ವರ್ಷ ಸಂತ್ರಸ್ತರಿಂದ ಬೈಸಿಕೊಂಡದ್ದು ಯಾವ ಲಾಭಕ್ಕೆ ಅನ್ನುವುದು ನನಗಂತೂ ಅರ್ಥವಾಗಿಲ್ಲ.

ಎಲ್ಲ ಬಿಚ್ಚಿಟ್ಟರೆ ಏನಾಗುತ್ತದೆ?

ಹಾಗಾದರೆ ಮೊದಲ ದಿನವೇ ಎಲ್ಲ ಹೊರಗೆ ಹಾಕಬಹುದಲ್ಲ? ಪೆನ್ ಸ್ಟೇಟ್ ಹಾಗೇ ಮಾಡಿತು. ಅದು ಅನುಭವಿಸಿದ್ದನ್ನು ನೋಡಿಯೇ ಉಳಿದವರು ಹೆದರಿದ್ದಾರೆ.

ಅಲ್ಲಿನ ಮಾಜಿ ಸಹಾಯಕ ಕೋಚ್ ಜೆರ‍್ರಿ ಸ್ಯಾಂಡಸ್ಕಿಯನ್ನು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2011ರ ನವೆಂಬರ್‌ನಲ್ಲಿ ಬಂಧಿಸಿದರು. 2001ರಲ್ಲೇ ಮೇಲಿನವರ ಕಿವಿಗೆ ವಿಷಯ ಬಿದ್ದಿತ್ತು ಎಂಬುದು ಗೊತ್ತಾಯಿತು. ನಾಲ್ಕೇ ದಿನದಲ್ಲಿ ಅಧ್ಯಕ್ಷರು ಹುದ್ದೆ ಬಿಟ್ಟರು. ಆ ಊರಿನ ದೇವರಂತಿದ್ದ ಮುಖ್ಯ ಕೋಚ್ ಜೋ ಪಟರ್ನೊ ಅವರನ್ನು ರಾತ್ರಿ ಫೋನಿನಲ್ಲೇ ತೆಗೆದರು. ವಿದ್ಯಾರ್ಥಿಗಳು ಬೀದಿಗಿಳಿದು ಟಿವಿ ವಾಹಿನಿಯ ವ್ಯಾನು ಉರುಳಿಸಿದರು. ಮಕ್ಕಳಿಗಾಗಿ ಅಲ್ಲ, ಕೋಚ್‌ಗಾಗಿ.

ಆಡಳಿತ ಮಂಡಳಿ ಎಫ್‌ಬಿಐನ ಮಾಜಿ ಮುಖ್ಯಸ್ಥ ಲೂಯಿಸ್ ಫ್ರೀ ಅವರಿಂದ ತನಿಖೆ ಮಾಡಿಸಿತು. 2012ರ ಜುಲೈ 12ರಂದು 267 ಪುಟದ ವರದಿ ಇಡಿಯಾಗಿ ಹೊರಬಂತು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ತನ್ನದೇ ತನಿಖೆ ಮಾಡಲಿಲ್ಲ. ಈ ವರದಿಯನ್ನೇ ಹಿಡಿದು 11 ದಿನದಲ್ಲಿ ಶಿಕ್ಷೆ ಹೇಳಿತು. 6 ಕೋಟಿ ಡಾಲರ್ ದಂಡ, 4 ವರ್ಷ ಋತುವಿನ ಕೊನೆಯ ದೊಡ್ಡ ಪಂದ್ಯಗಳಿಗೆ ನಿಷೇಧ, 1998ರಿಂದ ಗೆದ್ದ ಪಂದ್ಯಗಳೆಲ್ಲ ದಾಖಲೆಯಿಂದ ರದ್ದು. ಇನ್ನೂ ಕಠಿಣ ಶಿಕ್ಷೆ ಬಂದೀತೆಂದು ಹೆದರಿ ವಿಶ್ವವಿದ್ಯಾಲಯ ಸಹಿ ಹಾಕಿತು.

ಆಮೇಲೆ ಆಟ ತಿರುಗಿತು. ರಾಜ್ಯದ ಸೆನೆಟರ್ ಒಬ್ಬರು ಹಾಕಿದ ಕೇಸಿನಲ್ಲಿ ಎನ್‌ಸಿಎಎಯ ಒಳಗಿನ ಇಮೇಲ್‌ಗಳು 2014ರಲ್ಲಿ ಹೊರಬಂದವು. ಇಂಥ ಪ್ರಕರಣದಲ್ಲಿ ಶಿಕ್ಷೆ ಕೊಡುವ ಅಧಿಕಾರ ನಮಗಿದೆಯೇ ಎಂಬ ಅನುಮಾನ ಅವರಿಗೇ ಇತ್ತು. ತಮ್ಮ ನಡೆಗೆ ಒಬ್ಬರು ಬಳಸಿದ್ದ ಪದ ‘ಬ್ಲಫ್’. ಇಸ್ಪೀಟು ಆಡುವವರಿಗೆ ಬೇರೆ ವಿವರಣೆ ಬೇಡ. 2015ರ ಜನವರಿಯಲ್ಲಿ ಪಟರ್ನೊ ಹೆಸರಿನ 111 ಗೆಲುವುಗಳು ವಾಪಸ್ ಬಂದವು. ಅವರು ತೀರಿಹೋಗಿ ಆಗಲೇ ಸುಮಾರು ಮೂರು ವರ್ಷವಾಗಿತ್ತು. ಸಂತ್ರಸ್ತರಿಗೆ ವಿಶ್ವವಿದ್ಯಾಲಯ ಕೊಟ್ಟ ಪರಿಹಾರ ಕ್ರಮೇಣ 10 ಕೋಟಿ ಡಾಲರ್ ದಾಟಿತು.

2016ರಲ್ಲಿ ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದ ಸರದಿ. ಫುಟ್‌ಬಾಲ್ ಆಟಗಾರರು ಅತ್ಯಾಚಾರ ಮಾಡಿದ್ದಾರೆ ಎಂಬ ದೂರುಗಳನ್ನು ಸರಿಯಾಗಿ ವಿಚಾರಿಸಲಿಲ್ಲ ಎಂಬ ಆರೋಪ. ಇಲ್ಲೂ ವಕೀಲರ ಸಂಸ್ಥೆ ತನಿಖೆ ಮಾಡಿತು. ಆದರೆ ವರದಿ ಬರೆಯಲೇ ಇಲ್ಲ, ಮಂಡಳಿಯ ಮುಂದೆ ಬಾಯಲ್ಲಿ ಹೇಳಿತು. ಸಾರ್ವಜನಿಕರಿಗೆ ಸಿಕ್ಕದ್ದು 13 ಪುಟ. ಪೆನ್ ಸ್ಟೇಟ್‌ನ 267 ಪುಟದ ಗತಿ ನೋಡಿದವರು ಹೀಗೆ ಮಾಡಿದ್ದರ ಹಿಂದಿನ ಲೆಕ್ಕ ಊಹಿಸುವುದು ಕಷ್ಟವಲ್ಲ. ಲೆಕ್ಕ ಪೂರ್ತಿ ಫಲಿಸಲಿಲ್ಲ. ನಿಮ್ಮ ತನಿಖೆಯ ಸಾರವನ್ನು ನೀವೇ ಹೊರಗೆ ಬಿಟ್ಟ ಮೇಲೆ ಉಳಿದದ್ದು ಗುಟ್ಟು ಅನ್ನಲಾಗದು ಎಂಬ ಅರ್ಥದಲ್ಲಿ 2017ರಲ್ಲಿ ಫೆಡರಲ್ ನ್ಯಾಯಾಧೀಶರು ಆದೇಶ ಕೊಟ್ಟರು. ಅರ್ಧ ಬಾಗಿಲು ತೆರೆಯುವುದು ಕಾನೂನಿನಲ್ಲಿ ಕಷ್ಟ.

5 ಸಾವಿರ ಡಾಲರ್ ದಂಡದ ಗುಟ್ಟು

ಬೇಲರ್‌ಗೆ 2021ರಲ್ಲಿ ಎನ್‌ಸಿಎಎ ಹಾಕಿದ ದಂಡ 5 ಸಾವಿರ ಡಾಲರ್, ಜೊತೆಗೆ 4 ವರ್ಷದ ನಿಗಾ. ನಾಸರ್ ಪ್ರಕರಣದಲ್ಲಿ ಮಿಷಿಗನ್ ಸ್ಟೇಟ್ ನಿಯಮ ಮುರಿದಿಲ್ಲ ಎಂದು ಎನ್‌ಸಿಎಎ 2018ರಲ್ಲೇ ಹೇಳಿತ್ತು. ಅದೇ ಎನ್‌ಸಿಎಎ 2025ರ ಆಗಸ್ಟ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹಾಕಿದ ದಂಡ 2 ಕೋಟಿ ಡಾಲರ್ ದಾಟುತ್ತದೆಂಬ ಅಂದಾಜಿದೆ. (ಮಿಷಿಗನ್ ಬೇರೆ, ಮಿಷಿಗನ್ ಸ್ಟೇಟ್ ಬೇರೆ. ಒಂದೇ ರಾಜ್ಯ, ಹಳೇ ಜಿದ್ದು.) ಅಲ್ಲಿನ ತಪ್ಪು? ಮುಂದೆ ಎದುರಿಸಬೇಕಾದ ತಂಡಗಳ ಪಂದ್ಯಗಳಿಗೆ ಜನ ಕಳಿಸಿ, ಅವರ ಕೋಚ್‌ಗಳು ಆಟದ ಉಪಾಯ ತಿಳಿಸಲು ಮಾಡುವ ಕೈಸನ್ನೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿದ್ದು.

ಅತ್ಯಾಚಾರದ ದೂರು ಮುಚ್ಚಿದ್ದಕ್ಕಿಂತ ಕೈಸನ್ನೆ ಕದ್ದದ್ದು ದೊಡ್ಡ ಅಪರಾಧವೇ ಅಂತ ಸಿಟ್ಟು ಬರುತ್ತದೆ. ಎನ್‌ಸಿಎಎ ಅನ್ನು ಕೋರ್ಟು ಅಂದುಕೊಂಡರೆ ಮಾತ್ರ ಈ ಗೊಂದಲ. ಅದು ವಿಶ್ವವಿದ್ಯಾಲಯಗಳೇ ಸೇರಿ ಕಟ್ಟಿಕೊಂಡ ಸಂಘ. ಅದರ ನಿಯಮ ಪುಸ್ತಕ ಇರುವುದು ಒಂದು ತಂಡ ಇನ್ನೊಂದಕ್ಕೆ ಮೋಸ ಮಾಡದಿರಲಿ ಅಂತ. 1987ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಇಡೀ ಫುಟ್‌ಬಾಲ್ ಋತುವನ್ನೇ ರದ್ದು ಮಾಡಿದ್ದು ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಟ್ಟದ್ದಕ್ಕೆ. ಬೇಲರ್‌ನಲ್ಲಿ ದೂರುಗಳನ್ನು ಕಡೆಗಣಿಸಿದ್ದು ಆಟಗಾರರ ವಿಚಾರದಲ್ಲಿ ಮಾತ್ರವಲ್ಲ, ಇಡೀ ವಿಶ್ವವಿದ್ಯಾಲಯದಲ್ಲೇ ಹಾಗಿತ್ತು. ಆದ್ದರಿಂದ ಕ್ರೀಡಾ ನಿಯಮ ಮುರಿದ ಹಾಗಾಗುವುದಿಲ್ಲ ಎಂದು ಎನ್‌ಸಿಎಎಯ ಸಮಿತಿ ಹೇಳಿತು. 5 ಸಾವಿರದ ದಂಡ ಬೇರೆ ತಪ್ಪುಗಳಿಗೆ. ಎಲ್ಲರಿಗೂ ಕೆಟ್ಟದಾಗಿ ನಡೆದುಕೊಂಡರೆ ಬಚಾವು!

ದೊಡ್ಡ ಮೊತ್ತಗಳು ಬರುವುದು ಬೇರೆ ಬಾಗಿಲಿನಿಂದ, ಸಂತ್ರಸ್ತರು ಹಾಕುವ ಸಿವಿಲ್ ಕೇಸುಗಳಿಂದ. ನಡುವೆ ಕೇಂದ್ರ ಶಿಕ್ಷಣ ಇಲಾಖೆ ಇದೆ. ಕ್ಯಾಂಪಸ್ ಅಪರಾಧಗಳನ್ನು ಮುಚ್ಚಿಡದೆ ಪ್ರಕಟಿಸಬೇಕೆಂಬ ಕ್ಲೆರಿ ಕಾಯ್ದೆಯಡಿ ಅದು ಪೆನ್ ಸ್ಟೇಟ್‌ಗೆ ಸುಮಾರು 24 ಲಕ್ಷ, ಮಿಷಿಗನ್ ಸ್ಟೇಟ್‌ಗೆ 45 ಲಕ್ಷ ಡಾಲರ್ ದಂಡ ಹಾಕಿತ್ತು.

ನಡೆದದ್ದು ನಿಜ, ಆದರೆ ನೀವು ಬಂದದ್ದು ತಡ

ಸಿವಿಲ್ ಕೇಸಿನ ಮೊತ್ತವೂ ತಪ್ಪಿನ ಗಾತ್ರದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಮೂರು ವಿಶ್ವವಿದ್ಯಾಲಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಅಪರಾಧ ಮಾಡಿದ್ದು ಕ್ರೀಡಾಪಟುಗಳನ್ನು ನೋಡಿಕೊಳ್ಳಬೇಕಿದ್ದ ವೈದ್ಯ. ಮಿಷಿಗನ್ ಸ್ಟೇಟ್ ಕೊಟ್ಟದ್ದು ತಲಾ ಸರಾಸರಿ 12 ಲಕ್ಷ ಡಾಲರಿಗೂ ಜಾಸ್ತಿ. ಮಿಷಿಗನ್ ವಿಶ್ವವಿದ್ಯಾಲಯ 2022ರಲ್ಲಿ ಒಪ್ಪಿದ್ದು 1,050 ಮಂದಿಗೆ ಒಟ್ಟು 49 ಕೋಟಿ, ತಲಾ 4.5 ಲಕ್ಷದ ಆಸುಪಾಸು. ಓಹಾಯೊ ಸ್ಟೇಟ್ ಸುಮಾರು 300 ಮಂದಿಗೆ ಕೊಟ್ಟದ್ದು ಸುಮಾರು 6 ಕೋಟಿ, ಅಂದರೆ ತಲಾ 2 ಲಕ್ಷ.

ಯಾಕೆ ಹೀಗೆ? ನಾಸರ್ ಬದುಕಿದ್ದ, ಕಟಕಟೆಯಲ್ಲಿ ನಿಂತ, ಸಾಕ್ಷಿ ಹೇಳಿದವರನ್ನು ದೇಶವೇ ನೋಡಿತ್ತು. ಉಳಿದ ಇಬ್ಬರು ವೈದ್ಯರು ದೂರು ಹೊರಬರುವ ಎಷ್ಟೋ ವರ್ಷ ಮೊದಲೇ ಸತ್ತಿದ್ದರು. ಓಹಾಯೊ ಸ್ಟೇಟ್ ಕಡೆ ಇನ್ನೊಂದು ಅಸ್ತ್ರವೂ ಇತ್ತು, ಕಾಲಮಿತಿ. ಆ ವೈದ್ಯ ಕೆಲಸದಲ್ಲಿದ್ದದ್ದು 1978ರಿಂದ 1998ರವರೆಗೆ. ಕನಿಷ್ಠ 177 ವಿದ್ಯಾರ್ಥಿಗಳ ಮೇಲೆ ದೌರ್ಜನ್ಯವಾಗಿದೆ ಎಂದು ವಿಶ್ವವಿದ್ಯಾಲಯವೇ ಮಾಡಿಸಿದ ತನಿಖೆ 2019ರಲ್ಲಿ ಹೇಳಿತು. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಕೋರ್ಟಿನಲ್ಲಿ ಅದೇ ವಿಶ್ವವಿದ್ಯಾಲಯ, ಕೇಸು ಹಾಕುವ ಅವಧಿ ಮುಗಿದಿದೆ ಎಂದು ವಾದಿಸಿತು. 2021ರಲ್ಲಿ ಗೆದ್ದಿತು ಕೂಡ. ಮರುವರ್ಷ ಮೇಲ್ಮನವಿ ಕೋರ್ಟು ಕೇಸುಗಳಿಗೆ ಮತ್ತೆ ಜೀವ ಕೊಟ್ಟಿತು. ವಿಶ್ವವಿದ್ಯಾಲಯಕ್ಕೆ ಏನು ಗೊತ್ತಿತ್ತು ಎಂಬುದು ಈ ಮಾಜಿ ಆಟಗಾರರಿಗೆ ಮೊದಲೇ ತಿಳಿಯುವ ದಾರಿ ಇರಲಿಲ್ಲ ಎಂಬುದು ಅದರ ಹಿಂದಿನ ತರ್ಕ. 2023ರಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಬರಲು ಒಪ್ಪಲಿಲ್ಲ. ಬೀರುವಿನಲ್ಲಿಟ್ಟ ಕಾಗದವೇ ಇಲ್ಲಿ ಗಡಿಯಾರವನ್ನು ನಿಲ್ಲಿಸಿತ್ತು.

ಇನ್ನು ಮುಂದೆ

ಎರಡು ಬದಲಾವಣೆಗಳು ಈ ಲೆಕ್ಕವನ್ನು ಅಲುಗಿಸುತ್ತವೆ. ಮೊದಲನೆಯದು ದುಡ್ಡು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೆ 2.05 ಕೋಟಿ ಡಾಲರ್. ಒಪ್ಪಂದ ಬಂದಲ್ಲಿ ವಕೀಲರೂ ಬರುತ್ತಾರೆ. ಆಟಗಾರ ಇನ್ನು ಬಾಯಿ ಮುಚ್ಚಿಕೊಂಡಿರಬೇಕಾದ ಹುಡುಗ ಅಲ್ಲ, ಸಹಿ ಹಾಕಿದ ಎದುರು ಪಕ್ಷ.

ಎರಡನೆಯದು ರ‍್ಯಾಗಿಂಗ್ ಕಾನೂನು. 2024ರ ಡಿಸೆಂಬರ್‌ನಲ್ಲಿ ಬಂದ ಫೆಡರಲ್ ಕಾಯ್ದೆ ಕ್ಲೆರಿ ಕಾಯ್ದೆಗೆ ಹೇಜಿಂಗ್ ಅನ್ನು ಸೇರಿಸಿತು. ಯಾವ ತಂಡದಲ್ಲಿ, ಯಾವಾಗ, ಏನಾಯಿತು, ಏನು ಕ್ರಮ ಆಯಿತು ಎಂಬುದನ್ನು ವರ್ಷಕ್ಕೆ ಎರಡು ಸಲವಾದರೂ ವೆಬ್‌ಸೈಟಿನಲ್ಲಿ ಹಾಕಬೇಕು. ವಿಶ್ವವಿದ್ಯಾಲಯದ ಕ್ರೀಡಾ ತಂಡಗಳೂ ಇದರಲ್ಲಿ ಬರುತ್ತವೆ. ಸಂತ್ರಸ್ತರ ಹೆಸರು ಇರುವುದಿಲ್ಲ, ತಂಡದ ಹೆಸರು ಇರಬೇಕು. ಕಾಗದವನ್ನು ಬೀರುವಿನಿಂದ ಹೊರಗೆ ತರಿಸುವ ಉದ್ದೇಶ ಸ್ಪಷ್ಟವಾಗಿದೆ.

ಒಂದು ಕಿಂಡಿ ಉಳಿದಿದೆ. ಪ್ರಕಟಿಸಬೇಕಾದದ್ದು ತಪ್ಪು ನಡೆದಿದೆ ಎಂದು ವಿಶ್ವವಿದ್ಯಾಲಯ ಅಧಿಕೃತವಾಗಿ ತೀರ್ಮಾನಿಸಿದ ಪ್ರಕರಣಗಳನ್ನು ಮಾತ್ರ. ದೂರು ಬಂತು, ತನಿಖೆ ಎಳೆದಾಡಿತು, ಅಷ್ಟರಲ್ಲಿ ಹುಡುಗ ಬೇರೆ ಕಾಲೇಜಿಗೆ ಹೋದ, ತೀರ್ಮಾನ ಬರೆಯಲೇ ಇಲ್ಲ ಅಂದರೆ ಆ ಪಟ್ಟಿಯಲ್ಲಿ ಆ ಸಾಲು ಇರುವುದಿಲ್ಲ.